ನಿದಾನವೂ ನಿಧಾನವೂ



ಈ ಉಪನ್ಯಾಸದ ಆಮಂತ್ರಣ ಪತ್ರಿಕೆಯಲ್ಲಿ ಒಂದು ಅಚ್ಚಿನ ತಪ್ಪಾಗಿದೆ. ನಾನು ಕೊಟ್ಟಿದ್ದ ವಿಷಯ ‘ವಯಸ್ಕರ ಮನೋರೋಗ ನಿದಾನ’. ಅಚ್ಚಾಗಿರುವುದು ‘ನಿಧಾನ’. ದಕಾರದ ಹೊಟ್ಟೆ ಸೀಳಿದ್ದಾರೆ. ಕಾರ್ಯದರ್ಶಿಗಳು ಎರಡು ಸಲ ಫೋನ್ ಮಾಡಿ ಬೇಸರ ತೋಡಿಕೊಂಡರು. ನನಗೆ ಮಾತ್ರ ಆ ತಪ್ಪಿನಿಂದ ಉಪಕಾರವೇ ಆಯಿತು. ಎಲ್ಲಿಂದ ಶುರು ಮಾಡಲಿ ಎಂದು ಒಂದು ವಾರದಿಂದ ತಿಣುಕುತ್ತಿದ್ದೆ. ನಿದಾನವೆಂದರೆ ರೋಗದ ಮೂಲ ಹುಡುಕಿ ಗುರುತು ಹಚ್ಚುವುದು. ಆಯುರ್ವೇದದವರು ಇಂದಿಗೂ ಓದುವ ‘ಮಾಧವ ನಿದಾನ’ದಲ್ಲಿ ಉನ್ಮಾದಕ್ಕೆಂದೇ ಒಂದು ಅಧ್ಯಾಯವಿದೆ. ನಿಧಾನವೆಂದರೆ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ನಲವತ್ತು ವರ್ಷ ಈ ಹೈದರಾಬಾದಿನಲ್ಲಿ ಮನೋವೈದ್ಯ ಕಲಿತು, ಮಾಡಿ, ಕಲಿಸಿದ ಮೇಲೆ ನನ್ನ ತಪ್ಪುಗಳನ್ನು ಎಣಿಸಿ ನೋಡಿದರೆ, ಗೊತ್ತಿಲ್ಲದೆ ಮಾಡಿದವು ಕಡಿಮೆ. ಹತ್ತು ನಿಮಿಷದಲ್ಲೇ ಗೊತ್ತಾಯಿತೆಂದುಕೊಂಡು ಮಾಡಿದವೇ ಹೆಚ್ಚು. ಹೀಗಾಗಿ ಪತ್ರಿಕೆಯ ತಪ್ಪನ್ನು ತಿದ್ದುವುದು ಬೇಡವೆಂದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಹೇಳುವ ರೋಗಿಗಳ ಗುರುತು ಸಿಗದ ಹಾಗೆ ಊರು, ವಯಸ್ಸು, ಕಸುಬು ಬದಲಿಸಿದ್ದೇನೆ. ನನ್ನ ತಪ್ಪುಗಳನ್ನು ಬದಲಿಸಿಲ್ಲ.

ಹೈದರಾಬಾದಿನಲ್ಲಿ ಯಾರಾದರೂ ಸ್ವಲ್ಪ ವಿಚಿತ್ರವಾಗಿ ನಡೆದುಕೊಂಡರೆ ‘ಇವನನ್ನು ಎರ್ರಗಡ್ಡಕ್ಕೆ ಕಳಿಸಬೇಕು’ ಅನ್ನುತ್ತಾರೆ. ಧಾರವಾಡದ ಕಡೆ ಧಾರವಾಡದ ಹೆಸರು ಹೇಳುತ್ತಾರೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್. ಎರ್ರಗಡ್ಡ ಎಂದರೆ ರಾಯಲಸೀಮೆಯವರಿಗೆ ಈರುಳ್ಳಿ. ಹೈದರಾಬಾದಿಗಳಿಗೆ ಮಾತ್ರ ಹುಚ್ಚಾಸ್ಪತ್ರೆ. ನಿಜಾಮರ ಸಂಸ್ಥಾನದ ಹುಚ್ಚಾಸ್ಪತ್ರೆ ಮೊದಲು ಇದ್ದದ್ದು ಇಲ್ಲಲ್ಲ, ಈಗ ಮಹಾರಾಷ್ಟ್ರಕ್ಕೆ ಸೇರಿರುವ ಜಾಲ್ನಾದಲ್ಲಿ. 1950ರ ದಶಕದಲ್ಲಿ ಅದು ಇಲ್ಲಿಗೆ ಬಂತು. ಈಗ ಅದರ ಹೆಸರು ಇನ್‌ಸ್ಟಿಟ್ಯೂಟ್ ಆಫ್ ಮೆಂಟಲ್ ಹೆಲ್ತ್. ಹೆಸರು ಬದಲಾಯಿತು, ಗಾದೆ ಬದಲಾಗಲಿಲ್ಲ. ಅದೇ ಎರ್ರಗಡ್ಡದಲ್ಲಿ ಯುನಾನಿ ವೈದ್ಯದ ಸಂಶೋಧನಾ ಸಂಸ್ಥೆಯೂ ಇದೆ. ಯುನಾನಿ ಹಕೀಮರು ಮನಸ್ಸು ಕಪ್ಪಿಡುವ ಕಾಯಿಲೆಗೆ ‘ಸೌದಾ’, ಅಂದರೆ ಕಪ್ಪು ಪಿತ್ತ, ಕಾರಣವೆನ್ನುತ್ತಿದ್ದರು. ನಾವೂ ಹಳ್ಳಿಯಲ್ಲಿ ‘ಪಿತ್ತ ನೆತ್ತಿಗೇರಿದೆ’ ಅನ್ನುತ್ತೇವೆ. ಗ್ರೀಸಿನಿಂದ ಬಗ್ದಾದಿಗೆ, ಬಗ್ದಾದಿನಿಂದ ದಖ್ಖಣಕ್ಕೆ ಬಂದ ಪಿತ್ತ, ಚರಕನ ಪಿತ್ತ, ಎರಡೂ ಒಂದೇ ಬೀದಿಯಲ್ಲಿ ಕೂತಿವೆ. ಇದನ್ನು ಹೇಳಿದ್ದು ತಮಾಷೆಗಲ್ಲ. ನಮ್ಮ ಮುಂದೆ ಬಂದು ಕೂರುವ ಮನುಷ್ಯ ತನ್ನ ಸಂಕಟಕ್ಕೆ ಒಂದು ಮಾತನ್ನು ಆಗಲೇ ಆರಿಸಿಕೊಂಡು ಬಂದಿರುತ್ತಾನೆ. ವೈದ್ಯನ ಕೆಲಸ ಆ ಮಾತು ಕೇಳುವುದರಿಂದಲೇ ಶುರು.

ನಾನು ಕೇಳದೆ ಕೆಟ್ಟ ಒಂದು ಪ್ರಸಂಗ. 1980ರ ದಶಕದ ಮೊದಲ ವರ್ಷಗಳು. ನಾರಾಯಣಪೇಟೆ ಕಡೆಯ ಹಳ್ಳಿಯಿಂದ ಒಬ್ಬ ಹೆಣ್ಣುಮಗಳನ್ನು ಕರೆತಂದಿದ್ದರು. ಅಲ್ಲಿ, ಕೃಷ್ಣಾ ನದಿಯ ಆಚೀಚೆ, ಮನೆಮಾತು ಕನ್ನಡ, ಕಚೇರಿ ಮಾತು ತೆಲುಗು. ವಾರ್ಡಿನಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ. ಕೇಸು ನನಗೆ ಬಂತು. ‘ಏನಾಗ್ತದಮ್ಮ?’ ಎಂದೆ. ‘ಎದಿ ಉರಿಲಿಕತ್ತದ್ರಿ, ಒಳಗೊಳಗ ಸುಡ್ತದ’ ಎಂದಳು. ಸ್ವಲ್ಪ ತಡೆದು, ‘ನಮ್ ನೆಗೆಣಿ ಎದಿ ಮ್ಯಾಗ ಕುಂತಾಳ್ರಿ, ಹಗಲೂ ಇಲ್ಲ ರಾತ್ರೀನೂ ಇಲ್ಲ’ ಎಂದಳು. ನಾನು ಪುಸ್ತಕ ಓದಿ ಬಿಸಿಬಿಸಿಯಾಗಿದ್ದವನು. ಇಲ್ಲದ್ದನ್ನು ಮೈಮೇಲೆ ಅನುಭವಿಸುವುದು ಸ್ಪರ್ಶಭ್ರಮೆ ಎಂದು ಫೈಲಿನಲ್ಲಿ ಬರೆದೆ. ಇಂದು ಯಾವ ತಾರೀಖು ಎಂದು ಕೇಳಿದೆ. ‘ಅಮಾಸಿ ಆಗಿ ಮೂರ್ ದಿನ ಆತ್ರಿ’ ಎಂದಳು. ತಾರೀಖು ಗೊತ್ತಿಲ್ಲ, ಕಾಲಪ್ರಜ್ಞೆ ಇಲ್ಲ ಎಂದೂ ಬರೆದೆ. ನೂರರಿಂದ ಏಳೇಳು ಕಳೆಯುತ್ತ ಬಾ ಎಂದೆ, ಸುಮ್ಮನೆ ನೋಡಿದಳು. ಗಮನವಿಲ್ಲ. ಕೆಳಗೆ ದೊಡ್ಡ ಅಕ್ಷರದಲ್ಲಿ, ಶಾಯಿಯಲ್ಲಿ, ಸ್ಕಿಜೋಫ್ರೇನಿಯಾ.

ಸಂಜೆ ನಮ್ಮ ಗುರುಗಳು ರೌಂಡಿಗೆ ಬಂದರು. ಅವರು ತೆಲುಗರು, ಕನ್ನಡ ಅಷ್ಟಕ್ಕಷ್ಟೆ. ಫೈಲು ಓದಿ, ‘ನೆಗೆಣಿ ಎಂದರೆ ಯಾರು?’ ಎಂದರು. ಗಂಡನ ತಮ್ಮನ ಹೆಂಡತಿ ಎಂದೆ. ‘ಸತ್ತಿದ್ದಾಳೋ, ಬದುಕಿದ್ದಾಳೋ?’ ಗೊತ್ತಿಲ್ಲ ಎಂದೆ. ‘ಹೋಗಿ ಕೇಳು.’ ಕೇಳಿದರೆ, ನೆಗೆಣಿ ಜೀವಂತವಾಗಿದ್ದಳು. ಹೊಸದಾಗಿ ಮನೆಗೆ ಬಂದು ಕೀಲಿಕೈ ಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಎದೆ ಮೇಲೆ ಕೂತಿದ್ದಾಳೆ ಎಂದರೆ ನಾವೂ ನೀವೂ ದಿನಾ ಆಡುವ ಮಾತು. ಅದು ನನ್ನ ತಾಯಿಯ ಮಾತೂ ಹೌದು! ಆದರೆ ಬಿಳಿ ಕೋಟು ಹಾಕಿಕೊಂಡ ಕೂಡಲೇ ನನಗೆ ನನ್ನ ಕನ್ನಡ ಮರೆತುಹೋಗಿತ್ತು. ತಾರೀಖಿನ ವಿಷಯಕ್ಕೆ ಗುರುಗಳು ನರ್ಸಮ್ಮನ ಬಳಿ ಕ್ಯಾಲೆಂಡರ್ ತರಿಸಿದರು. ಅಮಾವಾಸ್ಯೆ ಕಳೆದು ಸರಿಯಾಗಿ ಮೂರು ದಿನವಾಗಿತ್ತು. ಲೆಕ್ಕಕ್ಕೆ ಏಳೇಳು ಬೇಡ, ಸಂತೆಯ ಲೆಕ್ಕ ಕೇಳು ಎಂದರು. ಇಪ್ಪತ್ತು ರೂಪಾಯಿ ಕೊಟ್ಟು ಹದಿಮೂರು ರೂಪಾಯಿಯ ಬೇಳೆ ತಂದರೆ ಎಷ್ಟು ಉಳಿಯಿತು ಎಂದೆ. ನಾನು ಮಾತು ಮುಗಿಸುವ ಮೊದಲೇ ‘ಏಳು’ ಎಂದಳು.

ಹಾಗಾದರೆ ಅವಳಿಗೆ ರೋಗವೇ ಇರಲಿಲ್ಲವೆ? ಇತ್ತು. ಅದನ್ನು ತಿಳಿಯಲು ಇನ್ನೂ ಎರಡು ದಿನ ಬೇಕಾಯಿತು. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಮತ್ತೆ ಕಣ್ಣು ಹತ್ತುತ್ತಿರಲಿಲ್ಲ, ರೊಟ್ಟಿ ಬಾಯಿಗೆ ಹುಲ್ಲಾಗಿತ್ತು, ತವರಿನ ಜಾತ್ರೆಗೂ ಹೋಗಲು ಮನಸ್ಸಿರಲಿಲ್ಲ. ಮುಂಜಾನೆ ಭಾರ, ಸಂಜೆ ಸ್ವಲ್ಪ ಹಗುರ. ಅದು ಖಿನ್ನತೆ, ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ಕಾಯಿಲೆ. ನನ್ನ ಶಾಯಿಯ ಬರಹ ಉಳಿದಿದ್ದರೆ ಅವಳು ಬೇರೆಯೇ ಔಷಧಿ ನುಂಗುತ್ತ ಬೇರೆಯೇ ಹೆಸರು ಹೊತ್ತು ಊರಿಗೆ ಹೋಗುತ್ತಿದ್ದಳು. ಅಂದಿನಿಂದ ಗುರುಗಳು ನನ್ನ ಜೇಬಿನ ಪೆನ್ನು ತೆಗೆಸಿ ಪೆನ್ಸಿಲ್ ಕೊಡಿಸಿದರು. ಮೊದಲ ವಾರದ ನಿದಾನ ಪೆನ್ಸಿಲ್‌ನಲ್ಲಿ, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ನನ್ನ ವಿದ್ಯಾರ್ಥಿಗಳಿಗೂ ಅದೇ ಪದ್ಧತಿ ಮಾಡಿದೆ. ಈಗಿನವರು ಕಂಪ್ಯೂಟರಿನಲ್ಲಿ ಬರೆಯುತ್ತಾರೆ. ಅದರಲ್ಲಿ ಪೆನ್ಸಿಲ್ ಇಲ್ಲ.

ಮನಃಸ್ಥಿತಿ ಪರೀಕ್ಷೆ ಎಂದು ನಾವು ಕಲಿಸುವುದರಲ್ಲಿ ಇಂಥ ಹಳ್ಳಗಳು ಬಹಳ. ರೋಗಿಯ ವೇಷ, ಮಾತು, ಭಾವ, ಆಲೋಚನೆಯ ಓಟ, ಭ್ರಮೆ, ನೆನಪು, ವಿವೇಚನೆ, ತನಗೆ ಕಾಯಿಲೆ ಇದೆಯೆಂಬ ಅರಿವು, ಇವನ್ನೆಲ್ಲ ನೋಡಬೇಕು. ವಿವೇಚನೆ ನೋಡಲು ಒಂದು ಹಳೆಯ ಪ್ರಶ್ನೆಯಿದೆ: ದಾರಿಯಲ್ಲಿ ವಿಳಾಸ ಬರೆದು ಸ್ಟಾಂಪು ಹಚ್ಚಿದ ಕಾಗದ ಸಿಕ್ಕರೆ ಏನು ಮಾಡುತ್ತೀರಿ? ಮೊನ್ನೆ ಒಬ್ಬ ಹುಡುಗ ‘ಫೋಟೋ ತೆಗೆದು ಸ್ಟೇಟಸ್ ಹಾಕ್ತೀನಿ’ ಎಂದನಂತೆ. ಅವನ ವಿವೇಚನೆಗೆ ಎಷ್ಟು ಅಂಕ ಕೊಡಬೇಕೆಂದು ವಿದ್ಯಾರ್ಥಿನಿ ನನ್ನನ್ನು ಕೇಳಿದಳು. ಅಮೂರ್ತ ಆಲೋಚನೆ ನೋಡಲು ಗಾದೆ ಕೇಳುತ್ತೇವೆ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂದರೆ ಏನು? ಕೈಯಲ್ಲಿ ಕೆಸರಿದ್ದರೆ ಮೊಸರು ಹೇಗೆ ತಿನ್ನುವುದು ಎಂದು ಕೇಳುವ ರೋಗಿಯ ಆಲೋಚನೆ ವಸ್ತುವಿಗೇ ಅಂಟಿಕೊಂಡಿದೆ ಎಂದು ತಿಳಿಯುತ್ತೇವೆ. ಆದರೆ ಆ ಗಾದೆಯನ್ನು ತೆಲುಗಿಗೆ ತಿರುಗಿಸಿ ವರಂಗಲ್ಲಿನ ರೈತನಿಗೆ ಕೇಳಿದರೆ ಅವನು ತಬ್ಬಿಬ್ಬಾಗುತ್ತಾನೆ, ತಬ್ಬಿಬ್ಬಾಗಬೇಕಾದವರು ನಾವು.

ಈ ಊರಲ್ಲಂತೂ ಒಂದೇ ಬೆಂಚಿನ ಮೇಲೆ ಮೂರು ಭಾಷೆ ಕೂತಿರುತ್ತವೆ. ಹಳೇ ಪಟ್ಟಣದವರು ‘ಘಬ್ರಾಹಟ್’ ಅನ್ನುತ್ತಾರೆ, ತೆಲುಗರು ‘ಗುಂಡೆ ದಡ’, ನಾವು ‘ಎದೆ ಡವಡವ’. ಮೂವರೂ ಸೇರಿ ‘ಟೆನ್ಶನ್’. ಇದೊಂದು ಮಾತಿನ ಹಿಂದೆ ಆತಂಕ ಇರಬಹುದು, ಖಿನ್ನತೆ ಇರಬಹುದು, ಕುಡಿತ ಇರಬಹುದು, ಥೈರಾಯ್ಡ್ ಏರಿರಬಹುದು, ಬರೀ ಸಾಲ ಇರಬಹುದು. ‘ಟೆನ್ಶನ್ ಆದರೆ ಮೈಯಲ್ಲಿ ಎಲ್ಲಿ ಏನಾಗುತ್ತದೆ, ತೋರಿಸಿ’ ಎನ್ನಬೇಕು. ಕೈ ಎಲ್ಲಿಗೆ ಹೋಗುತ್ತದೆಂದು ನೋಡಬೇಕು.

ನಮ್ಮವರು ಮನಸ್ಸಿನ ನೋವನ್ನು ಮೈಯಿಂದ ಏಕೆ ಹೇಳುತ್ತಾರೆ? ತಿಳಿವಳಿಕೆ ಸಾಲದು, ಮನಸ್ಸಿಗೆ ಪದಗಳಿಲ್ಲ ಎಂದು ಬಹಳ ಕಾಲ ಪಾಠ ಹೇಳುತ್ತಿದ್ದರು. ನನಗೆ ಎಂದೂ ಒಪ್ಪಿಗೆಯಾಗದ ಮಾತು ಅದು. ಕೊರಗು, ಮರುಕ, ಅಳಲು, ಬೇಗುದಿ, ಕಳವಳ ಎಂದು ಪದಗಳ ರಾಶಿಯೇ ಇರುವ ಭಾಷೆ ನಮ್ಮದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆರ್. ರಘುರಾಮ್, ಎಸ್.ಎಂ. ಚನ್ನಬಸವಣ್ಣ ಮತ್ತು ಮಿಚೆಲ್ ವೈಸ್ ಮೊದಲಾದವರು ಇದನ್ನೇ ಕೆದಕಿ 1996ರಲ್ಲಿ ಪ್ರಕಟಿಸಿದರು. ಮನಸ್ಸಿನ ದುಃಖವನ್ನು ಹೆಚ್ಚು ಹೇಳಿಕೊಂಡವರಿಗೆ ಜನರ ಮುಂದೆ ಅವಮಾನದ ಭಯವೂ ಹೆಚ್ಚಿತ್ತು. ಮೈಯ ನೋವನ್ನು ಹೆಚ್ಚು ಹೇಳಿಕೊಂಡವರಲ್ಲಿ ಆ ಭಯ ಕಡಿಮೆ. ಬೆನ್ನುನೋವಿರುವ ಹುಡುಗಿಗೆ ಗಂಡು ಸಿಗುತ್ತದೆ, ಖಿನ್ನತೆ ಇರುವವಳಿಗೆ ಸಿಗುವುದಿಲ್ಲ. ರೋಗಿ ದಡ್ಡನಲ್ಲ, ಲೆಕ್ಕ ಬಲ್ಲವನು. ಇದು ತಿಳಿದ ಮೇಲೆ ಮೈನೋವಿನ ಕಥೆಯನ್ನು ನಾನು ಅರ್ಧಕ್ಕೆ ತುಂಡರಿಸುವುದನ್ನು ಬಿಟ್ಟೆ.

ಕನ್ನಡದಲ್ಲಿ ಕನ್ನಡಿಗರನ್ನು ಕೇಳಿಯೇ ತಿಳಿಯಬೇಕು ಎಂದು ಹೊರಟವರಲ್ಲಿ ಮೊದಲ ಸಾಲಿನವರು ಮನೋವೈದ್ಯ ಆರ್.ಎಲ್. ಕಪೂರ್. ಪಂಜಾಬಿ ಮನುಷ್ಯ. ಎಡಿನ್‌ಬರೋದ ಮಾರಿಸ್ ಕಾರ್‌ಸ್ಟೇರ್ಸ್ ಜತೆ ಕರಾವಳಿಯ ಕೋಟಕ್ಕೆ, ಶಿವರಾಮ ಕಾರಂತರ ಊರಿಗೆ, ಹೋಗಿ ಮನೆಮನೆ ಸಮೀಕ್ಷೆ ಮಾಡಿದರು. ವಿದೇಶಿ ಪ್ರಶ್ನಾವಳಿಯನ್ನು ತರ್ಜುಮೆ ಮಾಡಿ ಕೇಳುವ ಬದಲು ಇಲ್ಲಿಯ ಜನಕ್ಕೆಂದೇ ಹೊಸದೊಂದು ಪ್ರಶ್ನಾವಳಿ ಕಟ್ಟಿದರು. ಅವರ ಪುಸ್ತಕ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ 1976ರಲ್ಲಿ ಬಂತು. ಕೋಟದಲ್ಲಿ ವೈದ್ಯರು ಒಂದು ಕಡೆ, ಮಂತ್ರವಾದಿಗಳು ಒಂದು ಕಡೆ, ಮೈಮೇಲೆ ದೈವ ಬರುವ ಪಾತ್ರಿಗಳು ಒಂದು ಕಡೆ. ಪಾತ್ರಿಯ ಮೇಲೆ ದೈವ ಬರುವುದು ಊರು ಅವನಿಗೆ ಕೊಟ್ಟ ಕೆಲಸ. ಕರೆದಾಗ ಬರುತ್ತದೆ, ಕಳಿಸಿದರೆ ಹೋಗುತ್ತದೆ. ಹೊಸ ಸೊಸೆಯ ಮೈಮೇಲೆ ಕರೆಯದೆ ಬಂದು ಅಡುಗೆಮನೆಯಲ್ಲಿ ಕೂಗಾಡುವುದು ಬೇರೆ. ಎರಡೂ ಕಣ್ಣಿಗೆ ಒಂದೇ ಥರ ಕಾಣುತ್ತವೆ. ನಮ್ಮ ಕಡೆಯ ಎಲ್ಲಮ್ಮನ ಗುಡಿಯಲ್ಲಿ ಬೆಳೆದವರಿಗೆ ಈ ವ್ಯತ್ಯಾಸ ಯಾರೂ ಹೇಳಿಕೊಡಬೇಕಿಲ್ಲ. ಮೆಡಿಕಲ್ ಕಾಲೇಜಿನಲ್ಲಿ ಹೇಳಿಕೊಡಬೇಕಾಗುತ್ತದೆ.

ಮಾತಿನ ವಿಷಯ ಇಷ್ಟಾಯಿತು. ಇನ್ನು ಮೈಯ ವಿಷಯ. ಇದಕ್ಕೆ ಹೈದರಾಬಾದಿಗಿಂತ ಒಳ್ಳೆಯ ಪಾಠಶಾಲೆ ನನಗೆ ಗೊತ್ತಿಲ್ಲ.

ನಮ್ಮ ಗುರುಗಳಿಗೆ ಒಂದು ಚಾಳಿಯಿತ್ತು. ಹೊಸ ರೋಗಿ ಬಂದರೆ ಹೆಸರು ಕೇಳುವ ಮೊದಲು ಎರಡೂ ಕೈ ಹಿಡಿದು ಮಗುಚಿ ಹಿಂಗೈ ನೋಡುತ್ತಿದ್ದರು. ಆಮೇಲೆ ಪಾದದ ಮೇಲ್ಭಾಗ. ಹೆಂಗಸಾದರೆ ನರ್ಸಮ್ಮನಿಗೆ ಹೇಳಿ ಕೊರಳಿನ ಸೆರಗು ಸರಿಸಿಸುತ್ತಿದ್ದರು. ಅವರು ಹುಡುಕುತ್ತಿದ್ದದ್ದು ಪೆಲಾಗ್ರ. ಬಿಸಿಲು ಬೀಳುವ ಕಡೆಯಲ್ಲೆಲ್ಲ ಚರ್ಮ ಕಪ್ಪಗೆ, ಒರಟಾಗಿ, ಬಿರುಕು ಬಿಟ್ಟಿರುತ್ತದೆ. ಹಿಂಗೈಯಲ್ಲಿ ಕೈಗವಸು ತೊಟ್ಟಂತೆ, ಕೊರಳ ಸುತ್ತ ಸರ ಹಾಕಿದಂತೆ. ಗ್ಯಾಸ್ಪರ್ ಕಸಾಲ್ ಎಂಬ ವೈದ್ಯ 18ನೆಯ ಶತಮಾನದಲ್ಲೇ ಸ್ಪೇನಿನ ಮೆಕ್ಕೆಜೋಳ ತಿನ್ನುವ ಬಡ ರೈತರಲ್ಲಿ ಇದನ್ನು ಕಂಡು ಬರೆದ. ಆ ಕಪ್ಪು ಸರಕ್ಕೆ ಇಂದಿಗೂ ಅವನ ಹೆಸರು. ಚರ್ಮದ ಜತೆ ಭೇದಿ. ಅದರ ಜತೆ ಮನಸ್ಸು: ನಿದ್ದೆಗೇಡು, ಸಿಡುಕು, ಕೊರಗು, ಕೊನೆಗೆ ದಿಕ್ಕು ತೋಚದ ಗೊಂದಲ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಹುಚ್ಚಾಸ್ಪತ್ರೆಗಳು ಇಂಥವರಿಂದ ತುಂಬಿದ್ದ ಕಾಲವಿತ್ತು. ಸೋಂಕು ಎಂದು ಎಲ್ಲರೂ ನಂಬಿದ್ದಾಗ ಜೋಸೆಫ್ ಗೋಲ್ಡ್‌ಬರ್ಗರ್ 1914ರಿಂದ ಪಟ್ಟು ಹಿಡಿದು ಇದು ಊಟದ ಕೊರತೆ ಎಂದು ತೋರಿಸಿದ. 1937ರಲ್ಲಿ ಎಲ್ವೆಹೆಮ್ ಎಂಬ ವಿಜ್ಞಾನಿ ಆ ಕೊರತೆಯನ್ನು ಹೆಸರಿಸಿದ: ನಿಕೋಟಿನಿಕ್ ಆಮ್ಲ, ಬಿ ಗುಂಪಿನ ಒಂದು ಜೀವಸತ್ವ.

ಅಲ್ಲೆಲ್ಲ ಮೆಕ್ಕೆಜೋಳ. ನಮ್ಮ ದಖ್ಖಣದಲ್ಲಿ ಬಿಳಿಜೋಳ. ಕೂನೂರಿನಲ್ಲಿದ್ದ ಪೋಷಣಾ ಸಂಶೋಧನಾಲಯ 1950ರ ದಶಕದ ಕೊನೆಗೆ ಹೈದರಾಬಾದಿನ ತಾರ್ನಾಕಕ್ಕೆ ಬಂತು. 1969ರಿಂದ ಅದು ರಾಷ್ಟ್ರೀಯ ಪೋಷಣಾ ಸಂಸ್ಥೆ. ಬಂದ ಹೊಸತರಲ್ಲೇ ಅಲ್ಲಿಯ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಅವರಿಗೆ ಈ ಒಗಟು ಎದುರಾಯಿತು. ಜೋಳದಲ್ಲಿ ಆ ಜೀವಸತ್ವ ಅಕ್ಕಿಗಿಂತ ಕಡಿಮೆಯೇನೂ ಇಲ್ಲ. ಅನ್ನ ತಿನ್ನುವ ಬಡವನಿಗೆ ಬಾರದ ಪೆಲಾಗ್ರ ರೊಟ್ಟಿ ತಿನ್ನುವ ಬಡವನಿಗೆ ಏಕೆ? 1960ರಲ್ಲಿ ಅವರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು: ಜೋಳದಲ್ಲಿ ಲ್ಯೂಸಿನ್ ಎಂಬ ಅಮೈನೊ ಆಮ್ಲ ವಿಪರೀತವಾಗಿದೆ, ಮೈ ತಾನೇ ಆ ಜೀವಸತ್ವವನ್ನು ಮಾಡಿಕೊಳ್ಳುವ ದಾರಿಗೆ ಅದು ಅಡ್ಡ ಬರುತ್ತದೆ. ಆ ವಿವರಣೆಯ ಮೇಲೆ ಆಮೇಲೆ ವಿಜ್ಞಾನಿಗಳಲ್ಲಿ ಜಗಳಗಳಾದವು, ಆಗಲಿ. ಪೆಲಾಗ್ರ ಹಿಡಿದವರ ಮನಸ್ಸಿನ ಸ್ಥಿತಿಯನ್ನೂ ಮಿದುಳಿನ ವಿದ್ಯುತ್ ಅಲೆಗಳನ್ನೂ ಇಲ್ಲಿಯೇ ಅಳೆದು ನೋಡಿದರು. ಹುಚ್ಚೆಂದು ಹೊತ್ತುತಂದ ಎಷ್ಟೋ ಜನ ಕೂಲಿಗಳಿಗೆ ಕೆಲವು ದಿನ ನಿಕೋಟಿನಮೈಡ್ ಮಾತ್ರೆ ಕೊಟ್ಟರೆ ತಲೆ ತಿಳಿಯಾಗುತ್ತಿತ್ತು. ಚರ್ಮ ಸರಿಯಾಗಲು ತಡ, ಮನಸ್ಸು ಬೇಗ.

ಸಭೆಯಲ್ಲಿ ಕಲಬುರಗಿ, ರಾಯಚೂರು, ಬೀದರಿನವರೇ ಹೆಚ್ಚು ಕೂತಿದ್ದೀರಿ, ಮುಖಗಳು ಸಣ್ಣಗಾಗುತ್ತಿವೆ. ಹೆದರಬೇಡಿ. ರೊಟ್ಟಿಯ ಜತೆ ಬೇಳೆ, ಪಲ್ಲೆ, ಮೊಸರು, ಶೇಂಗಾ ಹಿಂಡಿ ಇದ್ದರೆ ಏನೂ ಆಗದು. ಮೂರು ಹೊತ್ತೂ ಬರೀ ರೊಟ್ಟಿ, ಕೆಂಪು ಖಾರ ತಿಂದು ಬಿಸಿಲಲ್ಲಿ ದುಡಿದವರಿಗೆ ಬಂದ ರೋಗ ಅದು. ಈಗ ಆ ಊಟ ಬದಲಾಗಿದೆ, ಪೆಲಾಗ್ರ ಅಪರೂಪ. ನನಗೆ ಅದರಿಂದ ಉಳಿದದ್ದು ಒಂದು ಅಭ್ಯಾಸ. ವಯಸ್ಕರಲ್ಲಿ ಮನಸ್ಸಿನ ಲಕ್ಷಣ ಕಂಡರೆ ಮೊದಲು ಮೈ ತಪಾಸಣೆ. ಥೈರಾಯ್ಡ್ ಕಡಿಮೆಯಾದ ಹೆಂಗಸು ಖಿನ್ನತೆಯ ಹಾಗೆಯೇ ಮಂಕಾಗುತ್ತಾಳೆ. ಬಿ12 ಕಡಿಮೆಯಾದ ಸಸ್ಯಾಹಾರಿ ಅಜ್ಜ ಮರೆಗುಳಿಯಾಗುತ್ತಾನೆ. ಆಪರೇಷನ್ ಆದ ಮೂರನೇ ರಾತ್ರಿ ಗೋಡೆ ಮೇಲೆ ಇರುವೆ ಸಾಲು ಕಾಣುವ ಮುದುಕನಿಗೆ ದೆವ್ವವೂ ಹಿಡಿದಿಲ್ಲ, ಹುಚ್ಚೂ ಹಿಡಿದಿಲ್ಲ. ಸನ್ನಿ ಹಿಡಿದಿದೆ, ಮೂತ್ರದ ಸೋಂಕೋ ಸೋಡಿಯಂ ಇಳಿತವೋ ಇರುತ್ತದೆ. ವಾರದ ಹೆಸರುಗಳನ್ನು ಹಿಂದಿನಿಂದ ಹೇಳಿಸಿ. ಶನಿವಾರ, ಶುಕ್ರವಾರ ಎಂದವನು ಗುರುವಾರದಲ್ಲಿ ಕಳೆದುಹೋದರೆ, ಬೆಳಿಗ್ಗೆ ಸರಿಯಿದ್ದು ರಾತ್ರಿ ಕೆಟ್ಟರೆ, ಮನೋವೈದ್ಯನಿಗಿಂತ ಮೊದಲು ರಕ್ತ ಪರೀಕ್ಷೆ ಬೇಕು.

ಮಾತು, ಮೈ ಎರಡೂ ನೋಡಿಯೂ ನಾನು ಇನ್ನೊಮ್ಮೆ ಎಡವಿದೆ, ಕಾಲದ ವಿಷಯದಲ್ಲಿ. 2010ರ ಸುಮಾರು. ಐವತ್ತು ವಯಸ್ಸಿನ ಕಿರಾಣಿ ವ್ಯಾಪಾರಿ. ಅಪ್ಪಟ ಖಿನ್ನತೆಯ ಲಕ್ಷಣಗಳು, ಒಂದೂ ತಪ್ಪಿಲ್ಲ. ಹಿಂದೆ ಎಂದಾದರೂ ಮನಸ್ಸಿನ ಕಾಯಿಲೆ ಇತ್ತೇ ಎಂದರೆ ಇಲ್ಲ. ಖಿನ್ನತೆಯ ಮಾತ್ರೆ ಕೊಟ್ಟೆ. ಮೂರು ವಾರಕ್ಕೆ ಹೆಂಡತಿ ಓಡಿಬಂದರು: ರಾತ್ರಿಯೆಲ್ಲ ನಿದ್ದೆಯಿಲ್ಲ, ಬಾಯಿ ಮುಚ್ಚುವುದಿಲ್ಲ, ಅಂಗಡಿಯ ಗಲ್ಲಾ ಖಾಲಿ ಮಾಡಿ ಹಂಚುತ್ತಿದ್ದಾರೆ. ಅಂದರೆ ಅದು ಬರೀ ಖಿನ್ನತೆಯಾಗಿರಲಿಲ್ಲ. ಏರು ಇಳಿವು ಎರಡೂ ಇರುವ ಬೈಪೋಲಾರ್. ಇಳಿವಿನಲ್ಲಿ ಬಂದವನಿಗೆ ಒಂಟಿ ಖಿನ್ನತೆಯ ಮಾತ್ರೆ ಕೊಟ್ಟರೆ ಹೀಗೆ ಏರಿಗೆ ಎತ್ತಿ ಎಸೆಯಬಹುದು. ಹಿಂದೆ ಏರು ಬಂದಿರಲಿಲ್ಲವೆ? ಹೆಂಡತಿಯನ್ನು ಮತ್ತೆ ಕೂರಿಸಿಕೊಂಡು ಕೇಳಿದೆ. ‘ಇಲ್ಲ ಸಾರ್, 2007ರಲ್ಲಂತೂ ಬಹಳ ಚೆನ್ನಾಗಿದ್ದರು. ಶಂಷಾಬಾದ್ ಕಡೆ ಪ್ಲಾಟು ಕೊಂಡರು.’

ಶಂಷಾಬಾದ್ ವಿಮಾನ ನಿಲ್ದಾಣ ಶುರುವಾದದ್ದು 2008ರ ಮಾರ್ಚಿನಲ್ಲಿ. ಅದಕ್ಕೆ ಹಿಂದಿನ ಎರಡು ವರ್ಷ ಈ ಊರಿಗೆ ಊರೇ ಪ್ಲಾಟು ಕೊಳ್ಳುತ್ತಿತ್ತು. ನಿಮ್ಮಲ್ಲೂ ಕೆಲವರು ಕೊಂಡಿದ್ದೀರಿ, ನಾನೂ ನೋಡಿಕೊಂಡು ಬಂದಿದ್ದೆ. ಇಡೀ ಊರಿಗೇ ಹುರುಪು ಬಂದಾಗ ಒಬ್ಬನ ಹುರುಪನ್ನು ಕಾಯಿಲೆಯೆಂದು ಗುರುತಿಸುವುದು ಹೇಗೆ? ಎಷ್ಟು ಪ್ಲಾಟು ಎಂದೆ. ಒಂದೇ ದಿನ ನಾಲ್ಕಕ್ಕೆ ಟೋಕನ್ ಅಡ್ವಾನ್ಸ್ ಕೊಟ್ಟಿದ್ದರು. ಮೂರನೆಯದನ್ನು ತೋರಿಸಿದವನು ಮಾಲೀಕನೇ ಅಲ್ಲ. ಆ ತಿಂಗಳು ಎಷ್ಟು ನಿದ್ದೆ? ‘ಎರಡು ತಾಸು. ಆದರೂ ದಣಿವೇ ಇಲ್ಲ ಸಾರ್, ಆಗ ಎಂಥ ಶಕ್ತಿ ಅಂತೀರಿ!’ ಎಂದು ಆಕೆ ಹೆಮ್ಮೆಯಿಂದಲೇ ಹೇಳಿದರು. ಮನೆಯವರ ನೆನಪಿನಲ್ಲಿ ಅದು ಗಂಡನ ಬದುಕಿನ ಅತ್ಯುತ್ತಮ ವರ್ಷ. ‘ಹುಚ್ಚು ಇತ್ತೇ’ ಎಂದು ಕೇಳಿದರೆ ಯಾರು ಹೌದೆನ್ನುತ್ತಾರೆ? ‘ನಿದ್ದೆ ಬೇಡವಾಗಿ, ದಣಿವಿಲ್ಲದೆ, ದುಡ್ಡು ನೀರಿನಂತೆ ಚೆಲ್ಲಿದ ಕಾಲ ಇತ್ತೇ’ ಎಂದು ನಾನು ಕೇಳಬೇಕಾಗಿತ್ತು. ಹಿಂದಿನ ಕಥೆಯನ್ನು ಸಂತೋಷದ ದಿನಗಳಿಂದಲೂ ಕೇಳಬೇಕೆಂದು ಅಂದು ಕಲಿತೆ.

ಐಟಿ ಕಚೇರಿಗಳಿರುವ ಮಾಧಾಪುರ, ಗಚ್ಚಿಬೌಲಿಯಿಂದ ಬರುವವರ ಕಷ್ಟ ಬೇರೆ. ಅವರು ನಿದಾನವನ್ನೇ ಕೈಯಲ್ಲಿ ಹಿಡಿದು ಬರುತ್ತಾರೆ. ‘ಸಾರ್, ನನಗೆ ಎಡಿಎಚ್‌ಡಿ ಇದೆ, ಮಾತ್ರೆ ಬರೆದುಕೊಡಿ.’ ಮೊಬೈಲಿನಲ್ಲಿ ಟೆಸ್ಟ್ ಮಾಡಿಕೊಂಡಿರುತ್ತಾರೆ. ನಾನು ನಗುವುದಿಲ್ಲ, ಎಷ್ಟೋ ಸಲ ಅವರು ಹೇಳುವುದು ನಿಜವಿರುತ್ತದೆ, ವರ್ಷಗಟ್ಟಲೆ ಯಾರೂ ಗುರುತಿಸಿರುವುದಿಲ್ಲ. ಆದರೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ ಚಂಚಲತೆ, ಮೂವತ್ತಕ್ಕೆ ಹೊಸದಾಗಿ ಹುಟ್ಟುವ ಕಾಯಿಲೆಯಲ್ಲ. ಅಮೆರಿಕದ ಮನೋವೈದ್ಯರ 2013ರ ಕೈಪಿಡಿಯ ಪ್ರಕಾರ ಕೆಲವು ಲಕ್ಷಣಗಳಾದರೂ 12 ವಯಸ್ಸಿಗೆ ಮುಂಚೆ ಕಂಡಿರಬೇಕು. ಹಾಗಾಗಿ, ‘ಮುಂದಿನ ಸಲ ಅಮ್ಮನನ್ನು ಕರೆದುಕೊಂಡು ಬನ್ನಿ, ಐದನೇ ಕ್ಲಾಸಿನ ಮಾರ್ಕ್ಸ್ ಕಾರ್ಡು ಇದ್ದರೆ ತನ್ನಿ’ ಎನ್ನುತ್ತೇನೆ. ಒಬ್ಬನ ತಾಯಿ ಬಂದು, ‘ಇವನಾ? ಐದು ತಾಸು ಕೂತಲ್ಲೇ ಚದುರಂಗ ಆಡ್ತಿದ್ದ’ ಎಂದರು. ಅವನಿಗಿದ್ದದ್ದು ಅಮೆರಿಕದ ಹೊತ್ತಿಗೆ ಕೆಲಸ ಮಾಡಿ ಮೂರು ವರ್ಷ ಸರಿಯಾಗಿ ಮಲಗದ ಕಾಯಿಲೆ. ಖಿನ್ನತೆಗೆ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿಯಿದೆ. ಹಿಂದಿನ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ, 10 ಮುಟ್ಟಿದರೆ ವಿಚಾರಿಸಬೇಕು. ವಿಚಾರಿಸಬೇಕು ಎಂದಷ್ಟೇ ಅದರ ಅರ್ಥ. ಜ್ವರಮಾಪಕ 102 ತೋರಿಸಿದರೆ ಅದು ಮಲೇರಿಯಾ ಎಂದು ಯಾರೂ ಅನ್ನುವುದಿಲ್ಲವಲ್ಲ.

ಈ ಕೈಪಿಡಿಗಳು ಬಂದದ್ದೇ ನಮ್ಮಂಥವರ ಅವಸರವನ್ನು ಕಟ್ಟಿಹಾಕಲು. 1960ರ ದಶಕದಲ್ಲಿ ನ್ಯೂಯಾರ್ಕಿನ ವೈದ್ಯರೂ ಲಂಡನ್ನಿನ ವೈದ್ಯರೂ ಒಂದೇ ಥರದ ರೋಗಿಗಳಿಗೆ ಬೇರೆಬೇರೆ ಹೆಸರಿಡುತ್ತಿದ್ದಾರೆಂದು, ನ್ಯೂಯಾರ್ಕಿನಲ್ಲಿ ಸ್ಕಿಜೋಫ್ರೇನಿಯಾದ ಹೆಸರು ತೀರ ಧಾರಾಳವಾಗಿದೆಯೆಂದು ಒಂದು ಜಂಟಿ ಅಧ್ಯಯನ ತೋರಿಸಿತು. 1980ರ ಅಮೆರಿಕನ್ ಕೈಪಿಡಿ ಲಕ್ಷಣಗಳನ್ನು ಎಣಿಸಿ ಹೆಸರಿಡುವ ಪದ್ಧತಿ ತಂದಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಎಣಿಕೆಯಿಂದ ಇಬ್ಬರು ವೈದ್ಯರು ಒಂದೇ ಮಾತು ಹೇಳುವಂತಾಯಿತು. ಇಬ್ಬರೂ ಸೇರಿ ತಪ್ಪು ಹೇಳುವುದು ತಪ್ಪಲಿಲ್ಲ: ಸಲಿಂಗ ಪ್ರೀತಿ ಇದೇ ವಿಶ್ವಪಟ್ಟಿಯಿಂದ ಹೊರಬಿದ್ದದ್ದು 1990ರಲ್ಲಷ್ಟೆ.

ಇಲ್ಲಿ ನಮ್ಮ ಕಾದಂಬರಿಗಾರ್ತಿ ತ್ರಿವೇಣಿಯವರನ್ನು ನೆನೆಯದೆ ಮುಂದೆ ಹೋಗಲಾರೆ. ಮನಃಶಾಸ್ತ್ರ ಓದಿದ್ದ ಅವರು ‘ಶರಪಂಜರ’ದಲ್ಲಿ ಬಾಣಂತನದಲ್ಲಿ ಬುದ್ಧಿ ಕದಡಿದ ಕಾವೇರಿಯ ಕಥೆ ಬರೆದರು, ಸಿನಿಮಾ ಆಗಿ ಮನೆಮನೆಗೂ ಗೊತ್ತಾಯಿತು. ಹೆರಿಗೆಯ ನಂತರ ಬರುವ ಆ ಕಾಯಿಲೆ ಹೆಚ್ಚಿನವರಲ್ಲಿ ವಾಸಿಯಾಗುತ್ತದೆ. ಕಾವೇರಿಗೂ ವಾಸಿಯಾಯಿತು. ವಾಸಿಯಾಗದೆ ಉಳಿದದ್ದು ಮನೆಯವರ ಕಣ್ಣು. ಅವಳು ನಕ್ಕರೂ ಹುಚ್ಚು, ಸಿಟ್ಟಾದರೂ ಹುಚ್ಚು. ನಿದಾನಕ್ಕೆ ಎರಡನೆಯ ಪರೀಕ್ಷೆಯೂ ಉಂಟು, ರೋಗ ಹೋಗಿದೆ ಎಂದು ಗುರುತಿಸುವುದು. ಅದನ್ನು ನಾವು ಕಾಲೇಜುಗಳಲ್ಲಿ ಸಾಕಷ್ಟು ಕಲಿಸುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಕಲಮು ಹೇಳುತ್ತದೆ: ಹಿಂದೊಮ್ಮೆ ಚಿಕಿತ್ಸೆ ಪಡೆದಿದ್ದರು ಎಂಬುದಷ್ಟೇ ಇಂದು ಮನೋರೋಗಿ ಎನ್ನಲು ಆಧಾರವಾಗದು. ಸಮಾಜದ ನೀತಿಗೆ, ಧರ್ಮದ ನಂಬಿಕೆಗೆ ಹೊಂದುವುದಿಲ್ಲವೆಂದೂ ಯಾರನ್ನೂ ಮನೋರೋಗಿ ಎನ್ನುವಂತಿಲ್ಲ. ಕಾವೇರಿಯ ಪಾಲಿಗೆ ಈ ಕಲಮು ಐವತ್ತು ವರ್ಷ ತಡವಾಗಿ ಬಂತು. ಹಾಸ್ಯಪತ್ರಿಕೆ ‘ಕೊರವಂಜಿ’ ನಡೆಸಿದ ಡಾ. ಎಂ. ಶಿವರಾಂ, ನಮ್ಮ ರಾಶಿಯವರು, ‘ಮನಮಂಥನ’ ಬರೆದು 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಮನೋವೈದ್ಯದ ಪುಸ್ತಕಕ್ಕೆ ಸಾಹಿತ್ಯದ ಪ್ರಶಸ್ತಿ! ಕನ್ನಡದಲ್ಲಿ ಈ ವಿದ್ಯೆ ಓದಲು ಆಸೆಯಿರುವವರು ಈ ಎರಡರಿಂದ ಶುರು ಮಾಡಬಹುದು.

ಕೊನೆಗೆ, ಇದನ್ನು ಯಾರು ಕಲಿಯಬೇಕು? ತಜ್ಞರು ಮಾತ್ರವೆ? ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ ಕಾರ್ಯಕರ್ತರಿಗೂ ಚಿಕ್ಕ ತರಬೇತಿ ಕೊಟ್ಟು ನೋಡಿದರು. ಗುರುತು ಹಚ್ಚುವ ಕೆಲಸ ಆಯಿತು, ಔಷಧಿಯೂ ಹಳ್ಳಿಗೆ ಹೋಯಿತು. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ದೇಶದ ನಾಲ್ಕು ಜಿಲ್ಲೆಗಳಲ್ಲಿ ಕಾರ್ಯಕ್ರಮ ಶುರುವಾಯಿತು. ಅದರಲ್ಲೊಂದು ನಮ್ಮ ಪಕ್ಕದ ಮೆದಕ್. ಆದರೂ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ 10.6 ಮಂದಿಗೆ ಮಾನಸಿಕ ಕಾಯಿಲೆ ಕಂಡಿತು, ಅವರಲ್ಲಿ ಚಿಕಿತ್ಸೆ ಸಿಗದವರ ಪಾಲು ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92. ಇತ್ತ ಅಮೀರ್‌ಪೇಟೆಯಲ್ಲಿ ಕೋಚಿಂಗ್ ಬೋರ್ಡುಗಳ ನಡುವೆ ‘ಕೌನ್ಸೆಲರ್’ ಬೋರ್ಡುಗಳೂ ಎದ್ದಿವೆ. ಒಳಗೆ ಹೋಗುವ ಮೊದಲು ಅವರ ಓದು ಏನು, ನೋಂದಣಿ ಇದೆಯೇ ಎಂದು ಕೇಳಿ, ಸಂಕೋಚ ಬೇಡ. ರಾತ್ರಿ ಹನ್ನೊಂದಕ್ಕೆ ಯಾರೂ ಸಿಗದಿದ್ದರೆ 14416 ಇದೆ, ಸರ್ಕಾರದ ಟೆಲಿ-ಮಾನಸ್, 2022ರ ಅಕ್ಟೋಬರಿನಿಂದ ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡುತ್ತದೆ.

ಹೋದ ತಿಂಗಳು ಒಬ್ಬ ಹಳೆಯ ವಿದ್ಯಾರ್ಥಿನಿ ಫೋನ್ ಮಾಡಿದ್ದಳು. ಕಟ್ಟಡ ಕೆಲಸದ ಮೇಸ್ತ್ರಿಯೊಬ್ಬನನ್ನು ಸೇರಿಸಿದ್ದರಂತೆ. ವರ್ಷಗಳ ಕುಡಿತ, ಊಟ ಕಡಿಮೆ, ಮೂರು ದಿನದಿಂದ ಗೊಂದಲ, ಬಡಬಡಿಕೆ. ಕುಡಿತ ನಿಲ್ಲಿಸಿದ್ದಕ್ಕೆ ಬಂದ ಸನ್ನಿ ಎಂದು ಎಲ್ಲರೂ ಬರೆದಾಗಿತ್ತು; ಔಷಧಿ ಕೊಟ್ಟರೂ ಇಳಿದಿರಲಿಲ್ಲ. ‘ಸಾರ್, ಸುಮ್ಮನೆ ಕೈ ಮಗುಚಿ ನೋಡಿದೆ. ಹಿಂಗೈ ಕಪ್ಪಗೆ ಬಿರುಕು ಬಿಟ್ಟಿದೆ. ಅಂಗಿಯ ಕಾಲರು ಕೆಳಗೆಳೆದು ಟಾರ್ಚು ಹಾಕಿದೆ’ ಎಂದಳು. ಒಂದು ಗಳಿಗೆ ಸುಮ್ಮನಿದ್ದಳು. ‘ಸರದ ಹಾಗೇ ಇದೆ ಸಾರ್. ಪುಸ್ತಕದಲ್ಲಿ ಬಿಟ್ಟರೆ ನಾನು ನೋಡಿಯೇ ಇರಲಿಲ್ಲ. ಪೆಲಾಗ್ರ ಅಂತ ಬರೆದುಬಿಡಲಾ?’

‘ಮಾತ್ರೆ ಈಗಲೇ ಶುರು ಮಾಡಮ್ಮ,’ ಎಂದೆ, ‘ಹೆಸರು ಪೆನ್ಸಿಲ್‌ನಲ್ಲಿ ಬರಿ.’